ಮಾವನ ಕುತ್ತಿಗೆಯ ಗಂಟು

ಆಸ್ಪತ್ರೆಯಲ್ಲಿ ನಗಬಾರದು ಅಂತ ಪ್ರತಿ ಸಲವೂ ತೀರ್ಮಾನಿಸಿಕೊಂಡೇ ಹೊರಡುತ್ತೇನೆ. ಆದರೆ ಊರಿನವರ ಜೊತೆ ಹೋದರೆ ಅದು ಆಗುವ ಮಾತೇ ಅಲ್ಲ. ನಾನು ಕಾಸರಗೋಡಿನವಳು, ಕೊಚ್ಚಿಯ ಒಂದು ಸರ್ಕಾರಿ ಕಚೇರಿಯಲ್ಲಿ ಕೆಲಸ. ಮಲಯಾಳಂ ಚೆನ್ನಾಗಿ ಬರುತ್ತದೆಂದು ನೆಂಟರ ಕಾಯಿಲೆಗಳಿಗೆಲ್ಲ ನಾನೇ ದುಭಾಷಿ. ಸೋದರಮಾವನ ಕುತ್ತಿಗೆಯಲ್ಲಿ ಗಂಟು ಕಾಣಿಸಿದಾಗಲೂ ಅವರು ಅತ್ತೆಯನ್ನು ಕರೆದುಕೊಂಡು ಸೀದಾ ಕೊಚ್ಚಿಯ ಕಲೂರಿನ ನಮ್ಮ ಮನೆಗೇ ಬಂದಿಳಿದರು.

ಅಳತೆ

ಮಾವ ನಿವೃತ್ತ ಹೆಡ್‌ಮಾಷ್ಟ್ರು. ಅತ್ತೆ ಪುತ್ತೂರಿನಿಂದ ಮದುವೆಯಾಗಿ ಬಂದವರು. ಮಲಯಾಳಂ ಇವತ್ತಿಗೂ ಒಗ್ಗಿಲ್ಲ. ಸ್ಕ್ಯಾನ್ ಮಾಡಿದ ಡಾಕ್ಟರು, "ಥೈರಾಯ್ಡಿಲ್ ಒರು ಮುಳ ಉಂಡು" ಎಂದರು. ಮಲಯಾಳದಲ್ಲಿ ಮುಳ ಅಂದರೆ ಗೆಡ್ಡೆ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ನನ್ನ ಕೈ ಹಿಡಿದುಕೊಂಡರು.

"ಒಂದು ಮೊಳವಾ? ಇವರ ಕುತ್ತಿಗೆಯೇ ಒಂದು ಗೇಣಿಲ್ಲ ಮಾರಾಯ್ತಿ, ಅಷ್ಟುದ್ದದ್ದು ಎಲ್ಲಿ ಕೂತಿತು?"

ಅವಸರವಿಲ್ಲದ್ದು

ಸೂಜಿ ಚುಚ್ಚಿ ಮಾಡಿದ ಪರೀಕ್ಷೆಯಲ್ಲಿ ಅದು ಕ್ಯಾನ್ಸರ್ ಎಂದೇ ಬಂತು. ಆವತ್ತು ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಅತ್ತೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತರು. ಮಾವ ಪೇಪರು ಹಿಡಿದುಕೊಂಡು ಕೂತಿದ್ದರು, ಪುಟ ಮಾತ್ರ ಮಗುಚಲೇ ಇಲ್ಲ.

ಮೂವರೂ ರೈಲು ಹತ್ತಿ ತಿರುವನಂತಪುರದ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರು ನಿಧಾನವಾಗಿ ತಿಳಿಸಿ ಹೇಳಿದರು. ಕ್ಯಾನ್ಸರಿನಲ್ಲಿ ಒಂದೇ ಜಾತಿ ಅಂತ ಇಲ್ಲ. ಕೆಲವು ಓಡುತ್ತವೆ, ಕೆಲವು ತೆವಳುತ್ತವೆ. "ಇದು ತೆವಳುವ ಜಾತಿ. ಬಹಳ ಸೋಮಾರಿ."

ನಾನು ಕನ್ನಡದಲ್ಲಿ ಹೇಳಿದೆ. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಗಂಡನನ್ನು ಮೇಲಿಂದ ಕೆಳಗೆ ನೋಡಿದರು.

"ಇವರ ಮೈಯಲ್ಲಿ ಹುಟ್ಟಿದ್ದಲ್ಲವಾ? ಅದಕ್ಕೆ ಅವಸರ ಎಲ್ಲಿಂದ ಬರಬೇಕು!"

ಹೇಳುವಂಥದ್ದೇನಿಲ್ಲ

ಎಲ್ಲಾದರೂ ಹರಡಿದೆಯೋ ಅಂತ ಎದೆಯ ಸ್ಕ್ಯಾನೂ ಆಯಿತು. ರಿಪೋರ್ಟನ್ನು ಮಾವ ಕನ್ನಡಕ ಏರಿಸಿ ತಾವೇ ಓದಿದರು. ಶ್ವಾಸಕೋಶದ ಎದುರು 'ಅನ್‌ರಿಮಾರ್ಕೆಬಲ್' ಎಂದಿತ್ತು. ಮಾವನ ಮುಖ ಕೆಂಪಾಯಿತು.

"ಚಿಕ್ಕಂದಿನಿಂದ ಪ್ರಾಣಾಯಾಮ ಮಾಡಿಕೊಂಡು ಬಂದ ಶ್ವಾಸಕೋಶ ಇದು. ಇದರಲ್ಲಿ ಹೇಳುವಂಥದ್ದು ಏನೂ ಇಲ್ಲವಂತೆ!"

"ಮಾವ, ಅಲ್ಲಿ ಏನೂ ದೋಷ ಇಲ್ಲ ಅಂತ ಅರ್ಥ. ಖುಷಿಪಡಿ."

"ಖುಷಿಯೇ. ಆದರೂ 'ಉತ್ತಮ' ಅಂತ ಒಂದು ಷರಾ ಬರೆದಿದ್ದರೆ ಇವರ ಗಂಟೇನು ಹೋಗುತ್ತಿತ್ತು?"

ಸೆಕೆಂಡರಿ

ಆಪರೇಷನ್ ಆಯಿತು. ತೆಗೆದ ಗೆಡ್ಡೆಯ ರಿಪೋರ್ಟಿಗಾಗಿ ಡಾಕ್ಟರ ಕೋಣೆಯಲ್ಲಿ ಕೂತಿದ್ದೆವು. ಅತ್ತೆಯ ತುಟಿ ಸದ್ದಿಲ್ಲದೆ ಜಪ ಮಾಡುತ್ತಿತ್ತು. ಡಾಕ್ಟರು ಹಾಳೆಯಿಂದ ತಲೆಯೆತ್ತಿ ನಕ್ಕರು.

"ಮಾಷೇ, ಇದ್ದದ್ದು ಪ್ರೈಮರಿ ಮಾತ್ರ. ಸೆಕೆಂಡರಿ ಎಲ್ಲೂ ಇಲ್ಲ."

ಗೆಡ್ಡೆ ಮೊದಲು ಹುಟ್ಟಿದ ಜಾಗ ಪ್ರೈಮರಿ. ಅಲ್ಲಿಂದ ಹೊರಟು ಇನ್ನೊಂದು ಕಡೆ ಬೇರು ಬಿಟ್ಟರೆ ಸೆಕೆಂಡರಿ. ಅಂದರೆ ಹರಡಿಲ್ಲ! ನಾನು ಅತ್ತೆಯನ್ನು ತಬ್ಬಿಕೊಂಡೆ. ಮಾವನ ಮುಖ ಮಾತ್ರ ಬಾಡಿಹೋಯಿತು. ಆಪರೇಷನ್ನಿನಿಂದ ಕೀರಲಾಗಿದ್ದ ದನಿಯಲ್ಲೇ, ತಮಗೆ ಬರುವ ಮಲಯಾಳದಲ್ಲಿ ಶುರುಮಾಡಿದರು.

"ನಾನೇನು ಸುಮ್ಮನೆ ಕೂತಿರಲಿಲ್ಲ ಡಾಕ್ಟ್ರೇ. ಸೆಕೆಂಡರಿ ಬೇಕೇ ಬೇಕು ಅಂತ ಸರ್ವಿಸ್ ಪೂರ್ತಿ ಅಲೆದೆ. ಇದೇ ತಿರುವನಂತಪುರಕ್ಕೆ ಬಂದು ಕಂಡಕಂಡವರ ಕೈಕಾಲು ಹಿಡಿದೆ. ಕೊನೆಗೂ ಸ್ಯಾಂಕ್ಷನ್ ಆಗಲಿಲ್ಲ."

ಡಾಕ್ಟರು ಗಾಬರಿಯಿಂದ ನನ್ನ ಕಡೆ ನೋಡಿದರು. ಮಾವ ಹೇಳುತ್ತಿರುವುದು ತಮ್ಮ ಪ್ರೈಮರಿ ಶಾಲೆಗೆ ಹೈಸ್ಕೂಲು ತರಲು ಪಟ್ಟ ಪಾಡು ಅಂತ ನಾನು ಅಳುತ್ತ ನಗುತ್ತ ವಿವರಿಸಿದೆ. ಅವರು ಎದ್ದು ಬಂದು ಮಾವನ ಹೆಗಲ ಮೇಲೆ ಕೈಯಿಟ್ಟರು.

"ಆಗದ್ದೇ ಒಳ್ಳೆಯದಾಯಿತು ಮಾಷೇ. ಇನ್ನು ಮುಂದೆಯೂ ಅರ್ಜಿ ಹಾಕಬೇಡಿ!"