ಕ್ಯಾಸೆಟ್ಟಿನ ಮೇಲೆ ನನ್ನ ಹೆಸರು

ಮೂವತ್ತು ವರ್ಷದ ಅನುಭವವಿರುವ ಪತ್ರಕರ್ತ ನಾನು, ಕಲ್ಲನ್ನೂ ಮಾತಾಡಿಸಬಲ್ಲೆ! ನರಿನ್ ಪಟ್ಟಣದ ನಮ್ಮ ಅಡುಗೆಮನೆಯಲ್ಲಿ ಹೀಗೆ ಘೋಷಿಸಿ, ಟೇಪ್ ರೆಕಾರ್ಡರ್ ಹೆಗಲಿಗೇರಿಸಿ ಹೊರಟೆ.

"ಕಲ್ಲಿಗೂ ಸ್ವಲ್ಪ ಪುರುಸೊತ್ತು ಕೊಡಿ," ಅಂದಳು ಹೆಂಡತಿ ಸಲ್ಕಿನ್.

ಕಲ್ಲು ಎಂದರೆ ಎಸೆನ್‌ಬಾಯ್ ಅತಾ. ನಮ್ಮ ನಾಡಿನ ಮಹಾ ಲೇಖಕ; ಎಲ್ಲರಿಗೂ 'ಅತಾ', ಅಂದರೆ ಅಪ್ಪ. ಇಪ್ಪತ್ತು ವರ್ಷದಿಂದ ಯಾವ ಪತ್ರಿಕೆಗೂ ಬಾಯಿ ಬಿಟ್ಟಿರಲಿಲ್ಲ. ನನ್ನನ್ನು ಅವರೇ ಕರೆಸಿದ್ದರು. ಸಂಭಾಷಣೆಯನ್ನು ಇದ್ದಂತೆಯೇ ಸಿನಿಮಾ ಮಾಡಲು ನಿರ್ದೇಶಕ ಮೆದೆರ್ ಕಾದಿದ್ದ: ಇಬ್ಬರು ಮನುಷ್ಯರು, ಒಂದು ಮೇಜು, ಒಂದು ಚಹಾ ಕೆಟಲ್.

ಮಧ್ಯಾಹ್ನವಿಡೀ ಅತಾ ಮನೆಯಲ್ಲಿ ನಾವಿಬ್ಬರೇ ಕೂತೆವು. ಮನೆಗೆ ಬಂದು ಕ್ಯಾಸೆಟ್ಟಿನ ಮೇಲೆ ದಪ್ಪಕ್ಷರದಲ್ಲಿ ಹೆಸರು ಬರೆದೆ. ನನ್ನದು!

ನಾಲ್ಕನೆಯ ದಿನ ಎಸೆನ್‌ಬಾಯ್ ಅತಾ ತೀರಿಕೊಂಡರು. ಮೆದೆರ್ ಫೋನಿನಲ್ಲಿ ಬಿಕ್ಕಿದ: "ಅವರ ಕೊನೆ ಮಾತು ನಿನ್ನ ಹತ್ರಾನೇ ಇರೋದು. ನಾಳೆ ಮಣ್ಣಿಗೆ ಬರುವಾಗ ತಗೊಂಡು ಬಾ!"

ಅಂದು ರಾತ್ರಿ ಟೇಪು ಹಾಕಿದೆ. ಕೇಳಿಸಿದ್ದು ಸಲ್ಕಿನ್ ದನಿ. ರಾಗವಾಗಿ ಅಳುತ್ತಿದ್ದಳು. ನಮ್ಮ ಕಣಿವೆಯಲ್ಲಿ ಯಾರು ಸತ್ತರೂ ಶೋಕಗೀತೆ ಕಟ್ಟಲು ಅವಳಿಗೇ ಕರೆ. ಎರಡೂ ಮಗ್ಗುಲು ಅದೇ. ಸತ್ತವನ ಮಾತನ್ನು ಅವನ ಶೋಕಗೀತೆಯೇ ಅಳಿಸಿ ಹಾಕಿತ್ತು!

"ಏನೇ ಮಾಡಿದೆ ಇದು?"

"ನಾಳೆ ಹಾಡೋದರ ಅಭ್ಯಾಸ. ಹೊಸ ಕ್ಯಾಸೆಟ್ಟು ಪೇಟೇಲೆಲ್ಲೂ ಸಿಗಲಿಲ್ಲ."

"ಒಂದ್ಸಲ ಕೇಳಿ ನೋಡಬಾರದಾಗಿತ್ತಾ?"

"ಎರಡೂ ಕಡೆ ಪೂರ್ತಿ ಕೇಳಿದೆ. ಅವರು ಮೂರು ಸಲ 'ನಮ್ಮಣ್ಣನ ಹೆಸರನ್ನ ಪೊಲೀಸರಿಗೆ ಕೊಟ್ಟಿದ್ದು...' ಅಂತ ಶುರು ಮಾಡಿದ್ರು. ಮೂರು ಸಲಾನೂ ನೀವು 'ಅದಿರಲಿ ಅತಾ, ನನ್ನ ಪ್ರಶ್ನೆ ಏನಂದ್ರೆ' ಅಂದ್ರಿ. ಮಿಕ್ಕಿದ್ದೆಲ್ಲ ನೀವೇ. ಇದು ಪ್ರಶ್ನೆಗಳ ಟೇಪು, ಉತ್ತರದ್ದು ಬೇರೆ ಇರತ್ತೆ ಅಂದ್ಕೊಂಡೆ."

ಉತ್ತರದ್ದು ಬೇರೆ ಇರಲಿಲ್ಲ. ಎಂಬತ್ತರ ಆ ಹಿರಿಯರು ಆ ಒಂದು ಮಾತು ಹೇಳಲೆಂದೇ ನನ್ನನ್ನು ಕರೆಸಿದ್ದರೆಂದು ಆಗ ಹೊಳೆಯಿತು.

ಮರುದಿನ ಹೆಣವಿಟ್ಟ ಉಣ್ಣೆಯ ಡೇರೆಯೊಳಗೆ ಹೆಂಗಸರು ಗೋಡೆಗೆ ಮುಖ ಮಾಡಿ ಕೂತರು. ಗಂಡಸರು ಪದ್ಧತಿಯಂತೆ ಹೊರಗೆ ಸಾಲಾಗಿ ನಿಂತು ಗಟ್ಟಿಯಾಗಿ ಅಳತೊಡಗಿದೆವು. ಒಳಗಿನಿಂದ ಸಲ್ಕಿನ್ ದನಿ ಎದ್ದಿತು:

"ಬಾಗಿಲಿಗೆ ಬಂದ ಅತಿಥಿಗೆ ಚಹಾ ಕೊಟ್ಟೆಯಲ್ಲೋ ನಮ್ಮಪ್ಪಾ,
ಬಟ್ಟಲು ಮೂರು ಬರಿದಾದರೂ ಅವ ಬಾಯಿ ಬಿಡಗೊಡಲಿಲ್ಲವಲ್ಲೋ,
ಅಣ್ಣನ ಮಾತ ಎದೆಯಲ್ಲೇ ಮಣ್ಣಿಗೆ ಹೊತ್ತೆಯಲ್ಲೋ!"

ಕಣಿವೆಗೆ ಕಣಿವೆಯೇ ಗೋಳಿಟ್ಟಿತು. ಪಕ್ಕದಲ್ಲಿದ್ದ ಮೆದೆರ್ ಟೇಪನ್ನೂ ಮರೆತು, ಕಣ್ಣೊರೆಸಿಕೊಂಡು ನನ್ನ ತೋಳು ಹಿಡಿದ.

"ನಮ್ಮ ಸಿನಿಮಾ ಇದೇ ಕಣಯ್ಯಾ! ಆ ಹಾಳು ಅತಿಥಿ ಯಾರು ಅಂತ ಪತ್ತೆ ಹಚ್ಚಬೇಕು. ನಿನಗೇನಾದ್ರೂ ಗೊತ್ತಾ?"

ಕಲ್ಲನ್ನೂ ಮಾತಾಡಿಸಬಲ್ಲ ನಾನು, ಸಾಲಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಅತ್ತೆ.