ನೀಲಿ ಬಾಗಿಲ ಅಜ್ಜಿಯ ಸೇಬಿನ ಕೇಕು

ಸುಳ್ಳು ಹೇಳಬೇಕೆಂದು ಅವನೇನೂ ಹೊರಟಿರಲಿಲ್ಲ. ಮಧ್ಯಾಹ್ನ ಎಲ್ಲರೂ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದಾಗ ಅದು ತಾನಾಗಿಯೇ ಬಾಯಿಂದ ಜಾರಿಬಿತ್ತು.

ಅವನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸದವನು. ಅಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಅಲ್ಪವಿರಾಮ ಎಂದು. ಅವನ ಯಾವ ಮಾತೂ ಪೂರ್ಣವಿರಾಮದ ತನಕ ಹೋದದ್ದನ್ನು ಯಾರೂ ಕಂಡಿರಲಿಲ್ಲ. ತಪ್ಪು ಅವನದಲ್ಲ. ಅವನು ನಡುವೆ ಉಸಿರೆಳೆದುಕೊಳ್ಳುವಷ್ಟರಲ್ಲಿ ಬೈಂಡಿಂಗ್ ವಿಭಾಗದ ಮಾಮ ಆ ಮಾತನ್ನು ಕಸಿದುಕೊಂಡು, ತನಗೆ ಬೇಕಾದ ಹಾಗೆ ಹೊಲಿದು, ಅಂಚು ಕತ್ತರಿಸಿ ಮುಗಿಸಿಬಿಡುತ್ತಿದ್ದ.

ಆ ದಿನ ಮುದ್ರಣಾಲಯದ ಯಜಮಾನರು ಈ ಸಲ ಎಲ್ಲರೂ ಎಲ್ಲಿಗಾದರೂ ಒಂದು ದಿನ ಹೋಗಿಬರೋಣ ಎಂದಿದ್ದರು. ಯಾರೋ ಬೆಟ್ಟಕ್ಕೆ ಎಂದರು.

"ಬೆಟ್ಟದಲ್ಲಿ ಏನಿದೆ ಮಣ್ಣು? ಚಳಿ, ಮಂಜು, ಕೋತಿ" ಎಂದ ಮಾಮ.

"ಹಾಗಲ್ಲ ಮಾಮ, ಅಲ್ಲೊಬ್ಬರು ಅಜ್ಜಿ ಸೇಬಿನ ಕೇಕ್ ಮಾಡ್ತಾರೆ..." ಎಂದುಬಿಟ್ಟ ಅಲ್ಪವಿರಾಮ.

ಬೆಟ್ಟವನ್ನು ಅವನು ನೋಡಿದ್ದು ಕ್ಯಾಲೆಂಡರಿನಲ್ಲಿ ಮಾತ್ರ. ಆದರೆ ಆಶ್ಚರ್ಯ, ಯಾರೂ ನಡುವೆ ಬಾಯಿ ಹಾಕಲಿಲ್ಲ. ಸಿಹಿಯೆಂದರೆ ಪ್ರಾಣ ಬಿಡುವ ಯಜಮಾನರ ಚಮಚ ಬಾಯಿಯ ಹತ್ತಿರ ಹೋಗಿ ಅಲ್ಲೇ ನಿಂತುಬಿಟ್ಟಿತ್ತು. ಇಂಥ ಅವಕಾಶ ಮತ್ತೆ ಸಿಗುವುದಿಲ್ಲವೆಂದು ಅಲ್ಪವಿರಾಮ ಮುಂದುವರಿದ. ಅಂಗಡಿಗೆ ಬೋರ್ಡೇ ಇಲ್ಲ, ಗೊತ್ತಿದ್ದವರಿಗಷ್ಟೇ ಗೊತ್ತು. ಕಲ್ಲಿನ ಮೆಟ್ಟಿಲು ಹತ್ತಿ ಹೋಗಬೇಕು. ನೀಲಿ ಬಾಗಿಲು. ಎದುರಿಗೊಂದು ಸೇಬಿನ ಮರ. ಒಲೆಯಿಂದ ಇಳಿಸಿದ ಬಿಸಿ ಕೇಕಿನ ಮೇಲೆ ಅಜ್ಜಿ ಒಂದು ಚಮಚ ಕೆನೆ ಹಾಕುತ್ತಾರೆ, ಅದು ಕರಗಿ ಅಂಚಿನಿಂದ ಇಳಿಯುವಾಗ ನಾಲಿಗೆ ಒಡ್ಡಬೇಕು.

"ಮುಗೀತು. ಬೆಟ್ಟಕ್ಕೇ ಹೋಗೋದು" ಎಂದರು ಯಜಮಾನರು. "ಅಲ್ಪವಿರಾಮದವರೇ, ತಿನ್ನೋ ವಿಚಾರ ಪೂರ್ತಿ ನಿಮ್ಮದು."

ಹೀಗೆ ಒಂದು ಬೆಳಿಗ್ಗೆ ವ್ಯಾನು ಬೆಟ್ಟ ಹತ್ತಿತು. ತಿರುವು ತಿರುವಿಗೂ ಅಲ್ಪವಿರಾಮನ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಪಕ್ಕದಲ್ಲಿ ಕೂತ ಹೆಂಡತಿ ಮೆಲ್ಲಗೆ ಕೇಳಿದಳು: "ನೀವು ಯಾವಾಗ ರೀ ಈ ಬೆಟ್ಟಕ್ಕೆ ಬಂದಿದ್ದು?"

"ಸುಮ್ನಿರೇ."

"ನನ್ನ ಕಟ್ಟಿಕೊಳ್ಳೋಕ್ಕಿಂತ ಮುಂಚೆನಾ?"

"ಸುಮ್ನಿರು ಅಂದ್ನಲ್ಲ!"

"ಸರಿಯಪ್ಪ, ನಾನ್ಯಾಕೆ ಬಾಯಿ ಬಿಡ್ಲಿ? ನೋಡ್ತಾ ಕೂತ್ಕೋತೀನಿ" ಎಂದು ಅವಳು ಸಿನಿಮಾಕ್ಕೆ ಬಂದವಳ ಹಾಗೆ ಸೀಟಿಗೆ ಒರಗಿ ಕಾಲು ಚಾಚಿದಳು.

ಬೆಟ್ಟದ ಮೇಲಿನ ಪೇಟೆ ತಿನ್ನುವವರ ಸ್ವರ್ಗದಂತಿತ್ತು. ಇಳಿಜಾರು ಬೀದಿಯ ಎರಡೂ ಕಡೆ ತಳ್ಳುಗಾಡಿಗಳು, ಹಬೆಯಾಡುವ ನೂಡಲ್ಸು, ಕೆಂಡದ ಮೇಲೆ ಚಟಪಟ ಎನ್ನುವ ಜೋಳ, ಕಾಫಿ ಅಂಗಡಿಯ ಮುಂದೆ ಮರದ ಬೆಂಚು, ಗಾಜಿನ ಪೆಟ್ಟಿಗೆಯೊಳಗೆ ಕೆಂಪು ಹಸಿರು ಐಸ್‌ಕ್ರೀಂ. ಎಲ್ಲರ ಮೂಗೂ ಒಂದೊಂದು ಕಡೆಗೆ ತಿರುಗಿತು. ಯಜಮಾನರು ಮಾತ್ರ ಕೈ ಎತ್ತಿ ತಡೆದರು.

"ಯಾರೂ ಏನೂ ಮುಟ್ಟಬಾರ್ದು. ಕೇಕಿಗೆ ಜಾಗ ಇಟ್ಕೊಳ್ಳಿ. ಎಲ್ಲಿ, ನಡೀರಿ ಅಲ್ಪವಿರಾಮದವರೇ."

"ಬಂದು ಬಹಳ ದಿನ ಆಯ್ತಲ್ಲ ಸಾರ್, ಪೇಟೆ ಬದಲಾಗಿದೆ" ಎಂದು ತಡವರಿಸಿದ ಅಲ್ಪವಿರಾಮ. "ಬದಲಾದ್ರೇನು, ಕೇಳು" ಎಂದು ಮಾಮ ಅವನನ್ನು ಜೋಳ ಸುಡುವವನ ಮುಂದೆ ತಂದು ನಿಲ್ಲಿಸಿದ. ಬೇರೆ ದಾರಿಯಿಲ್ಲದೆ ಅಲ್ಪವಿರಾಮ ಕಲ್ಲಿನ ಮೆಟ್ಟಿಲು, ಸೇಬಿನ ಮರ, ನೀಲಿ ಬಾಗಿಲು, ಅಜ್ಜಿ, ಕೇಕು, ಕೆನೆ ಎಲ್ಲವನ್ನೂ ಗಟ್ಟಿಯಾಗಿ ವರ್ಣಿಸಿದ. ಅಂಥದ್ದು ಇಲ್ಲವೇ ಇಲ್ಲ ಎಂದು ಜೋಳದವನು ಹೇಳಿಬಿಟ್ಟರೆ ಇಲ್ಲಿಗೇ ಮುಗಿಯುತ್ತದೆ ಎಂಬುದು ಅವನ ಲೆಕ್ಕಾಚಾರ.

ಆದರೆ ತನ್ನ ಊರಿನ ವಿಷಯ ತನಗೆ ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಮನುಷ್ಯ ಎಲ್ಲಾದರೂ ಇದ್ದಾನೆಯೇ? ಜೋಳದವನು ಬೀಸಣಿಗೆ ಆಡಿಸುವುದನ್ನು ನಿಲ್ಲಿಸಲೂ ಇಲ್ಲ. "ಓ, ಆ ಅಜ್ಜಿನಾ? ಗೊತ್ತಿಲ್ದೇ ಏನು ಸ್ವಾಮಿ! ಸೀದಾ ಹೋಗಿ, ಎಡಕ್ಕೆ ತಿರುಗಿ, ನೀಲಿ ಬಾಗಿಲು ಕಣ್ಣಿಗೆ ಹೊಡೆಯುತ್ತೆ."

ಸೀದಾ ಹೋದರು, ಎಡಕ್ಕೆ ತಿರುಗಿದರು. ನೀಲಿ ಬಾಗಿಲು ನಿಜಕ್ಕೂ ಕಣ್ಣಿಗೆ ಹೊಡೆಯಿತು. ಅದಕ್ಕಿಂತ ಮೊದಲು ಮೂಗಿಗೆ ಹೊಡೆಯಿತು. ಅದು ಸಾರ್ವಜನಿಕ ಶೌಚಾಲಯ.

"ಬಾಗಿಲೇನೋ ನೀಲಿನೇ" ಎಂದ ಮಾಮ, ಕರವಸ್ತ್ರದೊಳಗಿಂದ. "ಕೇಕ್ ಮಾತ್ರ ನನಗೆ ಬೇಡಪ್ಪ."

ಮುಂದೆ ಸಿಕ್ಕವನು ಪ್ರವಾಸಿಗರಿಗೆ ರಾಜ ರಾಣಿಯರ ವೇಷ ಹಾಕಿ ಫೋಟೋ ತೆಗೆಯುವವನು. ಅವನು ಎದೆಯ ಮೇಲೆ ಕೈಯಿಟ್ಟು, "ಆ ಅಜ್ಜಿ ನಮ್ಮ ಮನೆ ಪಕ್ಕಾನೇ ಇದ್ರು ಸಾರ್, ನನ್ನ ಎತ್ತಿ ಆಡಿಸಿದಾರೆ. ಈಗ ಮೇಲಿನ ಬೀದಿಗೆ ಹೋಗಿದಾರೆ" ಎಂದ. ಅವನ ಮುಂದೆ ಕಿರೀಟ ಹೊತ್ತು ನಿಂತಿದ್ದ ಹೊಸ ಜೋಡಿ ಕಿವಿ ನಿಮಿರಿಸಿತು. "ಕೆನೆ ಮೇಲಿಂದ ಹಾಕ್ತಾರಾ ಅಂಕಲ್?" ಎಂದಳು ರಾಣಿ. "ಕರಗಿ ಅಂಚಿಂದ ಇಳಿಯುತ್ತಮ್ಮಾ" ಎಂದ ಅಲ್ಪವಿರಾಮ ಅಭ್ಯಾಸಬಲದಿಂದ. ಜೋಡಿ ಕಿರೀಟ ಕಳಚಿಟ್ಟು ಓಟಕಿತ್ತಿತು.

ಮೇಲಿನ ಬೀದಿಯಲ್ಲಿ ಕೇಳಿದಾಗ ಕೆಳಗಿನ ಬೀದಿ ಎಂದರು. ಕೆಳಗಿನ ಬೀದಿಯಲ್ಲಿ ಕೆರೆಯ ಕಡೆ ಎಂದರು. ಕೆರೆಯ ಬಳಿ ದೋಣಿಯವನು, "ಅಯ್ಯೋ, ಮುಂದೆ ಬಂದ್ಬಿಟ್ರಲ್ಲ!" ಎಂದು ಮರುಗಿದ. ಕೇಳಿದ ಕಡೆಯಲ್ಲೆಲ್ಲ ಸುತ್ತ ನಿಂತ ಪ್ರವಾಸಿಗರು ಕೇಳಿಸಿಕೊಂಡು, ಪರಸ್ಪರ ಕಣ್ಣು ಮಿಟುಕಿಸಿಕೊಂಡು, ಸದ್ದಿಲ್ಲದೆ ಬೇರೆ ಬೇರೆ ದಿಕ್ಕಿಗೆ ಚದುರುತ್ತಿದ್ದರು. ಅದನ್ನು ಗಮನಿಸುವಷ್ಟು ಶಕ್ತಿ ಮುದ್ರಣಾಲಯದವರಲ್ಲಿ ಉಳಿದಿರಲಿಲ್ಲ. ಅಕೌಂಟೆಂಟ್ ಮೇಡಂ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದರು. ಅಲ್ಪವಿರಾಮನ ಹೆಂಡತಿಯೊಬ್ಬಳೇ ಸುಟ್ಟ ಜೋಳ ಕಡಿಯುತ್ತಾ ಲವಲವಿಕೆಯಿಂದ ಇದ್ದಳು.

ಕಡೆಗೆ ಒಂದು ದೊಡ್ಡ ಬೇಕರಿ ಎದುರಾಯಿತು. "ಇದೇ ಇರಬೇಕು ಸಾರ್! ಬೆಳೆದುಬಿಟ್ಟಿದೆ!" ಎಂದು ಅಲ್ಪವಿರಾಮ ಒಳಗೆ ನುಗ್ಗಿದ. ಗಲ್ಲಾದಲ್ಲಿ ಗಿರಿಜಾ ಮೀಸೆಯ ಮನುಷ್ಯನೊಬ್ಬ ಕೂತಿದ್ದ.

"ಅಜ್ಜಿ ಇಲ್ವಾ?" ಎಂದರು ಯಜಮಾನರು.

"ಅಜ್ಜಿ ಯಾಕೆ? ನಾನು ಸಾಲಲ್ವಾ?" ಎಂದ ಮೀಸೆಯವನು.

ಯಜಮಾನರು ಅವನನ್ನು ಮೇಲಿನಿಂದ ಕೆಳಗೆ ನೋಡಿ, ಸಾಲುವುದಿಲ್ಲವೆಂದು ತೀರ್ಮಾನಿಸಿ ಹೊರಗೆ ಬಂದರು. ಮಾಮ ಈಗ ಬಾಯಿಬಿಟ್ಟೇ ನಗತೊಡಗಿದ. "ಏನಪ್ಪಾ, ಅಜ್ಜಿ ಇದಾಳೋ, ಇಲ್ಲಾ ಅಚ್ಚಿನ ದೋಷವೋ?"

ಅಲ್ಪವಿರಾಮನಿಗೆ ಅಳು ಬರುವಂತಾಯಿತು. ಜನ್ಮದಲ್ಲಿ ಒಂದು ಸಲ ನಾಲ್ಕು ಜನ ತನ್ನ ಮಾತನ್ನು ಕೊನೆಯವರೆಗೆ ಕೇಳಿದ್ದರು. ಇನ್ನು ಮೇಲೆ ಮುದ್ರಣಾಲಯದ ಗೋಡೆಗಳೂ ಕೇಳುವುದಿಲ್ಲ. "ಒಂದ್ನಿಮಿಷ, ವಿಚಾರಿಸಿ ಬಂದೆ" ಎಂದು ಒಂದು ಓಣಿಗೆ ನುಗ್ಗಿದ. ಅಲ್ಲಿ ಒಂದು ಕತ್ತೆಯ ಹೊರತು ಯಾರೂ ಇರಲಿಲ್ಲ. ಅದರ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ತನ್ನ ಮುಖವನ್ನೂ ಅಷ್ಟೇ ಉದ್ದ ಮಾಡಿಕೊಂಡು ವಾಪಸ್ಸು ಬಂದ.

"ಸಾರ್, ಅಜ್ಜಿ ಹೋಗ್ಬಿಟ್ರಂತೆ."

"ಎಲ್ಲಿಗೆ?" ಎಂದ ಮಾಮ.

"ಮೇಲಕ್ಕೆ."

"ಮೇಲಿನ ಬೀದಿಗಾ?"

"ಇನ್ನೂ ಮೇಲಕ್ಕೆ, ಮಾಮ."

ಮಾಮನ ನಗು ಅರ್ಧಕ್ಕೇ ನಿಂತಿತು. ಬಚಾವಾದೆನೆಂದು ಅಲ್ಪವಿರಾಮ ಒಳಗೊಳಗೇ ನಿಟ್ಟುಸಿರು ಬಿಡುತ್ತಿರುವಾಗ ಯಜಮಾನರು ತಲೆಯ ಟೋಪಿ ತೆಗೆದರು.

"ಎಂಥಾ ಕೈ ಇತ್ತೋ ಏನೋ, ಪುಣ್ಯಾತ್ಗಿತ್ತಿದು" ಎಂದು ಕಣ್ಣೊರೆಸಿಕೊಂಡರು. "ಇಷ್ಟು ದೂರ ಬಂದು ಹಾಗೇ ಹೋಗೋದು ತಪ್ಪು. ಮನೆಯವರಿಗೆ ಎರಡು ಮಾತು ಸಮಾಧಾನ ಹೇಳಿ ಹೋಗೋಣ."

"ಬೇಡ ಸಾರ್, ಅವರು ದುಃಖದಲ್ಲಿ..."

"ದುಃಖದಲ್ಲಿ ಇರೋದಕ್ಕೇ ಅಲ್ವೇನ್ರೀ ಹೋಗೋದು!" ಎಂದು ಗದರಿ, ಯಜಮಾನರು ಹೂವಿನ ಅಂಗಡಿಯಿಂದ ಬಿಳಿ ಹೂವಿನ ದೊಡ್ಡ ಗುಚ್ಛವನ್ನೇ ಕೊಂಡರು. ಅಲ್ಲಿಂದ ಹೊರಟವರು ಕುದುರೆ ಸವಾರಿ ಮಾಡಿಸುವವನನ್ನು ತಾವೇ ಕೇಳಿದರು.

"ಕೇಕ್ ಅಜ್ಜಿ ಮನೆನಾ?" ಎಂದ ಅವನು. "ಅಗೋ, ಆ ನೀರಿನ ಟ್ಯಾಂಕಿನ ಹಿಂದೆ. ಬೇಗ ಹೋಗಿ ಸಾರ್, ಜನ ಬಹಳ ಸೇರಿದೆ."

"ನೋಡಿದ್ರಾ?" ಎಂದರು ಯಜಮಾನರು, ಹೂಗುಚ್ಛವನ್ನು ಎದೆಗವಚಿಕೊಂಡು. "ಊರೇ ಬಂದಿದೆ. ದೊಡ್ಡ ಜೀವ."

ಟ್ಯಾಂಕಿನ ಹಿಂದೆ ಹೋದ ಅಲ್ಪವಿರಾಮ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದ. ಎದುರಿಗೆ ಕಲ್ಲಿನ ಮೆಟ್ಟಿಲು. ಮೆಟ್ಟಿಲ ಮೇಲೆ ಸೇಬಿನ ಮರ. ಮರದ ಹಿಂದೆ ನೀಲಿ ಬಾಗಿಲು. ಊಟದ ಡಬ್ಬಿಯ ಮುಂದೆ ಕೂತು ತಾನು ಗಾಳಿಯಲ್ಲಿ ಕಟ್ಟಿದ ಮನೆ ಕಲ್ಲು ಗಾರೆ ಸಮೇತ ನಿಂತಿತ್ತು. ಮೆಟ್ಟಿಲ ಬುಡದವರೆಗೆ ಸಾಲು. ಎಲ್ಲರ ಮೂಗೂ ಮುಂದಕ್ಕೆ, ಎಲ್ಲರ ಮುಖದಲ್ಲೂ ಕಳೆ. ಸೇಬು ಮತ್ತು ಬೆಣ್ಣೆ ಬೇಯುವ ವಾಸನೆ ಮಂಜಿನೊಳಗೆ ದಟ್ಟವಾಗಿ ಹರಡಿತ್ತು.

ಯಜಮಾನರು ಹೂಗುಚ್ಛ ಹಿಡಿದು, ಸಾಲನ್ನು ಬಳಸಿ, ಕಿಟಕಿಯಲ್ಲಿ ನಿಂತಿದ್ದ ಹೆಂಗಸಿನ ಮುಂದೆ ಹೋಗಿ ತಗ್ಗಿದ ದನಿಯಲ್ಲಿ ಕೇಳಿದರು: "ದೇಹ ಎಲ್ಲಿಟ್ಟಿದೀರಮ್ಮ?"

"ಯಾರ ದೇಹ?"

"ಅಜ್ಜಿದು."

"ಇಲ್ಲೇ ಇದೆಯಲ್ಲಪ್ಪ" ಎಂದಳು ಆ ಹೆಂಗಸು, ತೋಳಿಗೆ ಮೆತ್ತಿದ ಹಿಟ್ಟು ಕೊಡವುತ್ತಾ. "ಬೆಳಿಗ್ಗೆಯಿಂದ ನಿಂತೇ ಇದೆ, ಒಂದು ಗಳಿಗೆ ಕೂರೋಕೂ ಬಿಟ್ಟಿಲ್ಲ. ಹೂವು ನನಗಾ? ಎಷ್ಟು ಚೆಂದ ಇದೆ! ಕೊಡು. ಸಾಲಲ್ಲಿ ಬಾ."

ಮುದ್ರಣಾಲಯದ ಅಷ್ಟೂ ಕಣ್ಣುಗಳು ಅಲ್ಪವಿರಾಮನ ಮೇಲೆ ಬಿದ್ದವು. ಅವನು ಕತ್ತೆಯನ್ನು ಸಾಕ್ಷಿಗೆ ಕರೆಯಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಯಜಮಾನರು ಅವನನ್ನು ಗಟ್ಟಿಯಾಗಿ ಅಪ್ಪಿಕೊಂಡರು. "ಬದುಕಿದಾರೆ ರೀ! ಯಾರೋ ದುಷ್ಟರು ನಿಮಗೆ ತಪ್ಪು ಸುದ್ದಿ ಕೊಟ್ಟಿದಾರೆ!"

ಸಾಲು ಸರಿಯಿತು. ಒಬ್ಬರಿಗೆ ಸ್ಟೀಲು ತಟ್ಟೆ, ಒಬ್ಬರಿಗೆ ಪಿಂಗಾಣಿ, ಇನ್ನೊಬ್ಬರಿಗೆ ಪಾತ್ರೆಯ ಮುಚ್ಚಳದಲ್ಲಿ ಕೇಕು ಬಂತು. ಬಿಸಿ ಕೇಕು, ಮೇಲೆ ಕೆನೆ. ಯಜಮಾನರು ಮೊದಲ ತುತ್ತಿಗೆ ಕಣ್ಣು ಮುಚ್ಚಿದವರು ತಟ್ಟೆ ಖಾಲಿಯಾಗುವವರೆಗೆ ತೆರೆಯಲಿಲ್ಲ. ಅಕೌಂಟೆಂಟ್ ಮೇಡಂ ಕಾಲುನೋವನ್ನು ಮರೆತು ಮತ್ತೊಮ್ಮೆ ಸಾಲಿನ ತುದಿಗೆ ಓಡಿದರು. ಮಾಮ ಬೆರಳು ನೆಕ್ಕುತ್ತಾ ಹಿಂದೆ ನಿಂತವರಿಗೆ ಹೇಳುತ್ತಿದ್ದ: "ನಾನು ಚಡ್ಡಿ ಹಾಕೋ ಕಾಲದಿಂದ ಇಲ್ಲೇ ತಿನ್ನೋದು. ಇವನಿಗೆ ಜಾಗ ತೋರಿಸಿದ್ದೇ ನಾನು."

ಅಲ್ಪವಿರಾಮನಿಗೆ ಇದಾವುದೂ ಕೇಳಿಸಲಿಲ್ಲ. ತನ್ನ ನಾಲಿಗೆಯಲ್ಲಿ ಏನೋ ಶಕ್ತಿಯಿದೆ, ತಾನು ನುಡಿದದ್ದು ನಡೆಯುತ್ತದೆ ಎಂಬ ಗುಮಾನಿ ಅವನಿಗೆ ಹತ್ತಿತ್ತು. ಹೆಂಡತಿಯ ಜೊತೆ ಕಿಟಕಿ ತಲುಪಿದಾಗ ಅವನು ಭಕ್ತಿಯಿಂದ ಕೇಳಿದ: "ಅಜ್ಜೀ, ಈ ಅಂಗಡಿ ಎಷ್ಟು ವರ್ಷದ್ದು?"

"ಅಂಗಡಿ? ಯಾವ ಅಂಗಡಿ?" ಎಂದು ಅಜ್ಜಿ ಚಾಕು ಕೆಳಗಿಟ್ಟಳು. "ಇದು ನನ್ನ ಮನೆ ಕಣಪ್ಪ! ಬೆಳಿಗ್ಗೆ ಗಿಡಕ್ಕೆ ನೀರು ಹಾಕ್ತಿದ್ದೆ. ಯಾರೋ ಹೊಸ ಜೋಡಿ ಬಂದು ಕೇಕ್ ಕೊಡಿ ಅಂತ ಕೂತ್ರು. ಇಲ್ಲ ಅಂದ್ರೆ ಆ ಹುಡುಗಿ ಅಳೋ ಹಾಗಾದ್ಲು. ಮನೆಗೆ ಅಂತ ಮಾಡಿಟ್ಟಿದ್ದೆ, ಕೊಟ್ಟೆ. ಅವರು ಕೆಳಗಿಳಿಯೋಷ್ಟರಲ್ಲಿ ಇನ್ನೊಂದು ಸಂಸಾರ. ಅದರ ಹಿಂದೆ ಬಸ್ಸಿನ ತುಂಬ ಜನ. ಎಲ್ಲರ ಬಾಯಲ್ಲೂ ಒಂದೇ ಮಾತು, ನೀಲಿ ಬಾಗಿಲು, ಸೇಬಿನ ಮರ! ಈ ಪೇಟೆಲಿ ಎರಡೂ ಇರೋದು ನನ್ನ ಮನೆ ಒಂದಕ್ಕೇ."

ಅಲ್ಪವಿರಾಮ ಮೆಲ್ಲಗೆ ಒಂದು ಹೆಜ್ಜೆ ಹಿಂದಕ್ಕಿಟ್ಟ.

"ಯಾರೋ ಕನ್ನಡಕದವನಂತೆ" ಎಂದಳು ಅಜ್ಜಿ. "ಸಣಕಲು ಆಸಾಮಿ, ಮಾತು ಅರ್ಧಕ್ಕೇ ನುಂಗ್ತಾನಂತೆ. ಬೆಳಿಗ್ಗೆಯಿಂದ ಪೇಟೆ ಪೂರ್ತಿ ಸಾರಿಕೊಂಡು ತಿರುಗ್ತಿದಾನೆ. ಅವನು ಒಂದ್ಸಲ ನನ್ನ ಕೈಗೆ ಸಿಗ್ಬೇಕು!"

"ಇವರೇ ಅಜ್ಜಿ" ಎಂದಳು ಹೆಂಡತಿ, ಬಲು ಮೃದುವಾಗಿ.

ನೀಲಿ ಬಾಗಿಲು ತೆರೆಯಿತು. ಹಿಟ್ಟು ಮೆತ್ತಿದ ಕೈಯೊಂದು ಹೊರಬಂದು ಅಲ್ಪವಿರಾಮನ ರಟ್ಟೆ ಹಿಡಿದು ಒಳಗೆಳೆದುಕೊಂಡಿತು. ಅಡುಗೆಮನೆಯ ಮೂಲೆಯಲ್ಲಿ ಒಂದು ಮಣೆ, ಒಂದು ಚಾಕು, ಅವನ ಎದೆಮಟ್ಟದ ಸೇಬಿನ ರಾಶಿ. "ಸಿಪ್ಪೆ ತೆಳ್ಳಗೆ ತೆಗಿ" ಎಂದಳು ಅಜ್ಜಿ. "ಈ ಸಾಲು ಕರಗೋವರೆಗೆ ಏಳೋ ಹಾಗಿಲ್ಲ."

ಸ್ವಲ್ಪ ಹೊತ್ತಿಗೆ ಯಜಮಾನರು ಕಿಟಕಿಯಲ್ಲಿ ಇಣುಕಿದರು. "ಸಾರ್, ನಿಜ ಹೇಳ್ಬೇಕು" ಎಂದ ಅಲ್ಪವಿರಾಮ, ಕೈಯಲ್ಲಿದ್ದ ಸೇಬನ್ನು ಹಣೆಗೊತ್ತಿಕೊಂಡು. "ನಾನು ಈ ಬೆಟ್ಟಕ್ಕೆ ಬಂದೇ ಇರಲಿಲ್ಲ. ಈ ಅಂಗಡಿ ಇರಲೇ ಇಲ್ಲ. ಎಲ್ಲಾ ನಾನು ಕಟ್ಟಿದ ಕತೆ." ಅಷ್ಟನ್ನೂ ಅವನು ನಡುವೆ ಎಲ್ಲೂ ನಿಲ್ಲದೆ ಹೇಳಿ ಮುಗಿಸಿದ.

ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಕೇಳಿದ್ರೇನ್ರಪ್ಪಾ! ಜನ ಜಾಸ್ತಿಯಾಗಿ ಅಜ್ಜಿಗೆ ತೊಂದರೆ ಆಗುತ್ತೆ ಅಂತ ಹೇಗೆ ಮುಚ್ಚಿಡ್ತಿದಾರೆ! ಇಂಥಾ ದೊಡ್ಡ ಮನಸ್ಸು ಯಾರಿಗಿದೆ? ಆಗಲಿ, ನೀವು ನಿಧಾನವಾಗಿ ಅಜ್ಜಿಗೆ ಸಹಾಯ ಮಾಡಿ. ನಾವು ದೋಣಿ ಸವಾರಿ ಮುಗಿಸಿ ಬರ್ತೀವಿ."

ಅವರ ಗಲಾಟೆ ಮೆಟ್ಟಿಲಿಳಿದು ದೂರವಾಯಿತು. ಸೇಬಿನ ರಾಶಿ ಕರಗಿದಂತೆ ಹೊರಗೆ ಸಾಲೂ ಕರಗುತ್ತಾ ಬಂತು. ಕೊನೆಯ ಕೇಕು ಒಲೆಯಿಂದ ಇಳಿದು, ಕತ್ತರಿಸಿ, ಕೆನೆ ಬಿದ್ದು, ಒಂದೊಂದೇ ತುಂಡಾಗಿ ಕಿಟಕಿಯಾಚೆ ಹೋಯಿತು. ಅಲ್ಪವಿರಾಮ ಬೆನ್ನು ನೆಟ್ಟಗೆ ಮಾಡಿಕೊಂಡು ಎದ್ದಾಗ ಅಜ್ಜಿ ಬರೀ ತಟ್ಟೆಗಳನ್ನು ತೊಳೆಯುವ ಬಾನಿಗೆ ಹಾಕುತ್ತಿದ್ದಳು.

"ಅಜ್ಜೀ, ನನಗೊಂದು ಚೂರು..."

"ನಿನ್ನದು ನಿನ್ನ ಹೆಂಡತಿ ಕೈಲಿ ಕೊಟ್ಟೆನಲ್ಲಪ್ಪ, ಆಗ್ಲೇ! ದೊಡ್ಡ ತುಂಡು, ಕೆನೆ ಎರಡು ಚಮಚ ಹಾಕಿ."

ಅಲ್ಪವಿರಾಮ ಒಂದೇ ನೆಗೆತಕ್ಕೆ ಹೊರಗೆ ಬಂದ. ಸೇಬಿನ ಮರದ ಕೆಳಗೆ ಹೆಂಡತಿ ಕಾಲು ಚಾಚಿ ಕೂತು, ಮಡಿಲಲ್ಲಿದ್ದ ಪಿಂಗಾಣಿ ತಟ್ಟೆಯ ಅಂಚನ್ನು ಬೆರಳಿಂದ ಬಳಿದು ಬಾಯಿಗಿಟ್ಟುಕೊಳ್ಳುತ್ತಿದ್ದಳು. ಗಂಡನನ್ನು ಕಂಡು ಅವಳ ಮುಖವೆಲ್ಲ ಅರಳಿತು.

"ಬನ್ನಿ ಬನ್ನಿ" ಎಂದಳು. "ನನ್ನ ಪಾಲಿಗಿಂತ ನಿಮ್ಮ ಪಾಲೇ ಚೆನ್ನಾಗಿತ್ತು ರೀ."