ವೆಂಡೆಲಿನ್ ಗೆದ್ದ ಪಂದ್ಯ

ಹಿರಿಯ ಕೋಚ್ ವೆಂಡೆಲಿನ್ ತೀರಿಕೊಂಡ ಸುದ್ದಿ ಓರಾವ ಕಣಿವೆಯ ಆ ಸಣ್ಣ ಊರಿಗೆ ತಿಳಿದದ್ದು ಶನಿವಾರ ಬೆಳಿಗ್ಗೆ. ಸಂಜೆಗೆ ಪಂದ್ಯವಿತ್ತು. ಸೋತರೆ ಊರಿನ ಐಸ್ ಹಾಕಿ ತಂಡ ಕೆಳಗಿನ ದರ್ಜೆಗೆ ಇಳಿಯಬೇಕಿತ್ತು.

ಡ್ರಾಹೋಶ್ ಗೋಡೆಯ ಕಡೆ ತಿರುಗಿ ಅತ್ತ. ಚಿಕ್ಕಂದಿನಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಅವನ ಕೈಹಿಡಿದು ನಿಲ್ಲಿಸಿದವರು ಅವರೇ. ದೊಡ್ಡ ಊರುಗಳಲ್ಲಿ ಸಂಬಳಕ್ಕೆ ಆಡಿ, ಮುಂದಿನ ಹಲ್ಲುಗಳನ್ನೂ ಒಂದು ಮಂಡಿಯನ್ನೂ ಅಲ್ಲೇ ಬಿಟ್ಟುಬಂದ ಮೇಲೆ ಅವನನ್ನು ಉಪತರಬೇತುದಾರನಾಗಿ ಇಟ್ಟುಕೊಂಡವರೂ ಅವರೇ. ಆದರೆ ಆ 'ಉಪ' ಮಾತ್ರ ಬಿಳಿ ಅಂಗಿಯ ಬೀಟ್‌ರೂಟ್ ಕಲೆಯಂತೆ ಎಷ್ಟು ವರ್ಷ ಉಜ್ಜಿದರೂ ಹೋಗಿರಲಿಲ್ಲ.

ಸಂಘದ ಅಧ್ಯಕ್ಷ, ಮಾಂಸದಂಗಡಿಯ ಗೇಜಾ ಬಂದು ಬಾಗಿಲಲ್ಲೇ ಹೇಳಿದ: "ಇವತ್ತು ನೀನೇ ನಿಂತು ಆಡಿಸು. ಗೆದ್ರೆ ಆ ಜಾಗ ನಿಂದು. ಸೋತ್ರೆ ನಮ್ಮ ಕಣ್ಣಿಗೆ ಬೀಳ್ಬೇಡ."

ಅವನ ಹಿಂದೆಯೇ ಪಕ್ಕದ ಮನೆಯ ಔರೇಲಿಯಾ ಅಜ್ಜಿ ಎಲೆಕೋಸಿನ ಸಾರು ತಂದಳು.

"ವೆಂಡೆಲಿನ್ ಕೊನೇ ಆಸೆ ಕಣೋ, ನನ್ನ ಮೊಮ್ಮಗ ಮೊದಲು ಇಳೀಬೇಕಂತೆ."

"ಯಾವಾಗ ಹೇಳಿದ್ರಜ್ಜಿ?"

"ಸಾಯೋರು ಗಡಿಯಾರ ನೋಡ್ಕೊಂಡು ಮಾತಾಡ್ತಾರೇನೋ? ಸಾರು ಕುಡಿ."

ಮಧ್ಯಾಹ್ನದೊಳಗೆ ಹೂವಿನಂಗಡಿಯವನೂ, ಹಲ್ಲಿನ ಡಾಕ್ಟರೂ, ಕೊನೆಗೆ ಪಾದ್ರಿಗಳೂ ಒಂದೊಂದು ಕೊನೆಯ ಆಸೆ ತಂದರು. ಬದುಕಿದ್ದಾಗ ದಿನಕ್ಕೆ ನಾಲ್ಕು ಮಾತಾಡದ ಹಿರಿಯರು ಸಾಯುವ ಮುನ್ನ ಮನೆಮನೆ ತಿರುಗಿ ಹರಟೆ ಹೊಡೆದು ಹೋದಂತಿತ್ತು. ಡ್ರಾಹೋಶ್ ಎಲ್ಲರಿಗೂ ಹೂಂ ಎಂದ. ಯಾರು ಹೇಳಿದಂತೆಯೂ ಮಾಡಲಿಲ್ಲ.

ಸಂಜೆ ಆಟಗಾರರ ಬೆಂಚಿಗೆ ವೆಂಡೆಲಿನ್‌ರ ಕೋಟನ್ನು ತೂಗುಹಾಕಿ, ಎಲ್ಲರೂ ಮೌನವಾಗಿ ನಿಂತರು. ಆಮೇಲೆ ಆಟ. ಕೊನೆಯ ಭಾಗ ಮುಗಿಯುತ್ತ ಬಂದರೂ ಊರಿನ ತಂಡ ಒಂದು ಗೋಲು ಹಿಂದಿತ್ತು. ಡ್ರಾಹೋಶ್, ಗೋಲು ಕಾಯುತ್ತಿದ್ದ ತಿಬೋರನನ್ನು ಕೈಮಾಡಿ ಹೊರಗೆ ಕರೆದು, ಅವನ ಬದಲಿಗೆ ದಾಳಿಗೆ ಇನ್ನೊಬ್ಬನನ್ನು ಇಳಿಸಿದ. ಗೋಲು ಬಾಗಿಲಿಲ್ಲದ ಮನೆಯಂತೆ ಬರಿದಾಯಿತು. ವೆಂಡೆಲಿನ್ ಜೀವಮಾನದಲ್ಲಿ ಒಮ್ಮೆಯೂ ಇಂಥ ಕೆಲಸ ಮಾಡಿದವರಲ್ಲ.

"ಕೊನೇ ನಿಮಿಷಕ್ಕೂ ಮುಂಚೆ ಗೋಲು ಕಾಯೋನ್ನ ಕರೀತಾರೇನೋ ಹುಚ್ಚಪ್ಪಾ?" ಗೇಜಾ ಹಿಂದಿನಿಂದ ಹಲ್ಲು ಕಡಿದ. "ಆ ಕೋಟಿಗಾದ್ರೂ ಮರ್ಯಾದೆ ಕೊಡೋ."

ಅಷ್ಟರಲ್ಲಿ ಎದುರಾಳಿಯೊಬ್ಬ ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆಯನ್ನು ಕಿತ್ತುಕೊಂಡು ಖಾಲಿ ಗೋಲಿನತ್ತ ಹೊಡೆದ. ಇಡೀ ಊರು ಎದ್ದು ನಿಂತಿತು. ಕಪ್ಪು ಬಿಲ್ಲೆ ಮಂಜುಗಡ್ಡೆಯ ಮೇಲೆ ಜಾರುತ್ತ ಹೋಯಿತು. ಬಿಲ್ಲೆ ಕಂಬಕ್ಕೆ ಠಣ್ಣೆಂದು ಬಡಿದು ಹಿಂದಕ್ಕೆ ಬಂತು. ಹುಡುಗರು ಅದನ್ನೇ ಹಿಡಿದು ಓಡಿ ಸಮ ಮಾಡಿದರು. ಹೆಚ್ಚುವರಿ ಆಟದಲ್ಲಿ ಇನ್ನೊಂದು ಗೋಲು ಹೊಡೆದು ಗೆದ್ದರು.

ಗೇಜಾ ಅವನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತ. "ಕಂಬ ನೋಡಿದ್ಯಾ? ವೆಂಡೆಲಿನ್‌ರದೇ ಕೈ."

"ಗೋಲು ಕಾಯೋನ್ನ ಕರೆದದ್ದು ನಾನು..."

"ಕರೆಸಿದ್ದೂ ಅವರೇ. ನಿಂಗೆ ಅಷ್ಟು ಧೈರ್ಯ ಎಲ್ಲಿತ್ತು, ಪಾಪ." ಗೇಜಾ ಮೂಗು ಒರೆಸಿಕೊಂಡ. "ಸಮಿತಿಯೋರೆಲ್ಲ ಇಲ್ಲೇ ಮಾತಾಡಿಬಿಟ್ವಿ. ಸತ್ತ ಮೇಲೂ ಇಷ್ಟು ಚೆನ್ನಾಗಿ ಆಡಿಸೋರನ್ನ ತೆಗೆಯೋಕೆ ಯಾರಿಗೆ ಮನಸ್ಸು ಬರುತ್ತೆ? ಮುಂದಿನ ವರ್ಷಾನೂ ಅವರೇ ಮುಖ್ಯ ಕೋಚು. ನೀನು ಎಂದಿನಂಗೆ ಅವರಿಗೆ ಸಹಾಯಕ್ಕಿರು."

ಡ್ರಾಹೋಶ್ ನೇರವಾಗಿ ಇಗರ್ಜಿಗೆ ನಡೆದು, ಮೇಣದಬತ್ತಿ ಹಚ್ಚಿ, ನೋಯುವ ಮಂಡಿಯನ್ನು ಊರಿದ.

"ಪ್ರಭುವೇ, ವೆಂಡೆಲಿನ್‌ರಿಗೆ ನಿತ್ಯ ವಿಶ್ರಾಂತಿಯನ್ನು ದಯಪಾಲಿಸು. ತುಂಬ ದುಡಿದ ಜೀವ ಅದು. ಇನ್ನಾದರೂ ಅವರಿಗೆ ಯಾವ ಕೆಲಸವನ್ನೂ ಹೇಳಬೇಡ. ಆಮೆನ್."